ಹಾಸಿನ ಓಣಿಯ ಕಾಡು

ಸಸಿಗಳನ್ನು ಕಿತ್ತವರು ಅವುಗಳ ಬೇರಿಗೆ ಒದ್ದೆ ಬಟ್ಟೆ ಸುತ್ತಿಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ದನ ತಿಂದಿದ್ದರೆ ದನದ ಒಡೆಯನನ್ನು ಬೈಯಬಹುದು. ಪುಂಡರು ಕಿತ್ತೆಸೆದಿದ್ದರೆ ಪೊಲೀಸರಿಗೆ ಹೇಳಬಹುದು. ಇಲ್ಲಿ ನೋಡಿದರೆ, ಹಿಂದಿನ ದಿನ ನಾವು ಬೆವರು ಸುರಿಸಿ ನೆಟ್ಟ ಹೊಂಗೆ, ಬೇವು, ಕಕ್ಕೆಗಳನ್ನು ಯಾರೋ ಬೇರಿನ ಮಣ್ಣು ಉದುರದಂತೆ ಎತ್ತಿ, ಹಳೆ ಸೀರೆಯ ಚಿಂದಿಯನ್ನು ನೀರಲ್ಲಿ ಅದ್ದಿ ಸುತ್ತಿ, ಗೋಡೆಯ ನೆರಳಿಗೆ ಸಾಲಾಗಿ ಒರಗಿಸಿದ್ದರು. ಇಂಥ ಮರ್ಯಾದಸ್ಥ ಕಳ್ಳರನ್ನು ಏನೆಂದು ಬೈಯುವುದು?

“ಯಾರ ಕೆಲಸಾ ಇದು?” ಎಂದು ಕೂಗಿದೆ. ನನ್ನ ದನಿ ಮೊದಲೇ ದೊಡ್ಡದು. ಕೆರೂರ ಸಂತೆಯಲ್ಲಿ ನಾನು ಮಾತಾಡಿದರೆ ಬಾದಾಮಿಯಲ್ಲಿ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು.

ಎದುರಿನ ಮನೆಯ ಹಿತ್ತಿಲ ಬಾಗಿಲಲ್ಲಿ ಒಬ್ಬ ಮುದುಕಿ ರಾಟೆಯ ಮುಂದೆ ಕೂತು, ಮಗನ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಓಣಿಯವರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಅವಳು ರಾಟೆಯನ್ನೂ ನಿಲ್ಲಿಸಲಿಲ್ಲ, ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ.

“ನಾವ ಕಿತ್ತೇವ್ರಿ. ಬಾಡಬಾರ್ದಂತ ನೀರ ಹೊಡದ ಇಟ್ಟೇವಿ. ಪಾಪ, ಸಸಿ ಏನ ತಪ್ಪ ಮಾಡ್ಯಾವ? ಒಯ್ದು ಬ್ಯಾರೆ ಕಡೆ ಹಚ್ರಿ.”

“ಇವು ಸರ್ಕಾರಿ ಗಿಡ ಅದಾವ ಯವ್ವಾ!”

“ಅದು ನಮ್ಮ ಹಾಸಿನ ಜಾಗಾ ಐತ್ರಿ ಯಪ್ಪಾ.”

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಹುನಗುಂದದಲ್ಲಿ ಸಾಮಾಜಿಕ ಅರಣ್ಯದ ಫಾರೆಸ್ಟರ್ ಆಗಿದ್ದೆ. ಹೊಲದ ಬದುವಿಗೆ, ರಸ್ತೆಯ ಬದಿಗೆ ಗಿಡ ಹಚ್ಚಿಸಿ ರೂಢಿಯಿತ್ತು. ಊರೊಳಗೆ, ಜನರ ನಡುವೆ, ಸಣ್ಣದೊಂದು ಕಾಡು ಮಾಡಿ ಎಂದು ಆದೇಶ ಬಂದಾಗ ಇಳಕಲ್ಲಿನಲ್ಲಿ ಸಿಕ್ಕಿದ್ದು ಈ ಬಯಲು. ಒಂದು ಕಡೆ ನೇಕಾರರ ಓಣಿ, ಇನ್ನೊಂದು ಕಡೆ ಹಳ್ಳ, ನಡುವೆ ಉದ್ದಕ್ಕೆ ಮಲಗಿದ ಬೋಳು ನೆಲ. ಹಿಂದೊಮ್ಮೆ ಕಲ್ಲಿನ ಖಣಿಗಳ ಚೂರನ್ನೆಲ್ಲ ಅಲ್ಲಿ ಸುರಿದಿದ್ದರಿಂದ ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು.

ಪುರಸಭೆ ಆ ನೆಲವನ್ನು ಬಿಟ್ಟುಕೊಟ್ಟದ್ದೇ ಒಲ್ಲದ ಮನಸ್ಸಿನಿಂದ. ಅಲ್ಲಿ ಮಳಿಗೆಗಳ ಸಾಲು ಕಟ್ಟಬೇಕೆಂಬುದು ಅಧ್ಯಕ್ಷರ ಬಹುದಿನದ ಆಸೆ. ಮೇಲಿನವರ ಒತ್ತಾಯಕ್ಕೆ ಹೂಂ ಅಂದರೂ ನನ್ನನ್ನು ಕರೆದು ಎದುರಿಗೇ ಹೇಳಿದ್ದರು: “ಮೂರು ಮಳಿಗಾಲ ನೋಡೂಣ್ರಿ. ಅಷ್ಟರಾಗ ಕಾಡ ಆತು, ಜಾಗಾ ಗಿಡಕ್ಕ. ಆಗಲಿಲ್ಲ, ಮಳಿಗಿ ಕಟ್ಟತೇವಿ. ಆಮ್ಯಾಲ ನನ್ನ ಮುಂದ ಬಂದು ಅಳಬಾರ್ದು.”

ಅಂದರೆ ನೇಕಾರರಿಗೆ ಅತ್ತ ದರಿ, ಇತ್ತ ಪುಲಿ. ಕಾಡಾದರೂ ಬಯಲು ಹೋಯಿತು, ಮಳಿಗೆಯಾದರೂ ಹೋಯಿತು. ಇದು ನನಗೆ ಹೊಳೆದದ್ದು ಮರುದಿನ ಮುಂಜಾನೆ, ಜಗಳಕ್ಕೆ ತಯಾರಾಗಿ ಹೋದಾಗ.

ಬಯಲಿನ ಈ ತುದಿಯಿಂದ ಆ ತುದಿಯವರೆಗೆ ನೂಲು ಎಳೆದು ಕಟ್ಟಿದ್ದರು. ಸೀರೆಯ ಉದ್ದಕ್ಕೆ ಬರುವ ಎಳೆಗಳೇ ಹಾಸು. ಅದಕ್ಕೆ ಗಂಜಿ ಹಚ್ಚದೆ ಮಗ್ಗಕ್ಕೇರಿಸಿದರೆ ಒಂದು ಗೇಣು ನೇಯುವುದರೊಳಗೆ ಎಳೆಗಳು ಜುಂಗಾಗಿ ಕಡಿಯುತ್ತವೆ. ಎರಡೂ ಮಗ್ಗುಲಿಗೆ ಗಂಡಸರು ದೊಡ್ಡ ಕುಂಚ ಹಿಡಿದು ಗಂಜಿ ತೀಡುತ್ತ ತುದಿಯಿಂದ ತುದಿಗೆ ನಡೆಯುತ್ತಿದ್ದರು. ಹೆಂಗಸರು ಅಂಟಿಕೊಂಡ ಎಳೆಗಳನ್ನು ಬೆರಳಿನಿಂದ ಬಿಡಿಸುತ್ತಿದ್ದರು. ಬಿಸಿಲು ಛಾವಣಿ ದಾಟಿ ನೂಲಿನ ಮೇಲೆ ಬಿದ್ದದ್ದೇ ತಡ, ಗಂಜಿ ಸೆಟೆದು ಎಳೆಗಳು ಪಟ್ ಪಟ್ ಎಂದು ಹರಿಯತೊಡಗಿದವು. ಹಳ್ಳದ ಕಡೆಯಿಂದ ಗಾಳಿ ಬೇರೆ ಎದ್ದು ಧೂಳು ತಂದು ಹಸಿ ಗಂಜಿಗೆ ಮೆತ್ತಿತು. ದೊಡ್ಡವ್ವನ ಮಗ ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತ ಓಡಾಡಿದ.

ಜಗಳ ಬಿಟ್ಟು, ರಾಟೆ ತಿರುಗಿಸುತ್ತ ಕೂತಿದ್ದ ದೊಡ್ಡವ್ವನ ಹತ್ತಿರ ಹೋಗಿ ನಿಂತೆ.

“ಮೊದಲ ಇಲ್ಲಿ ಸಾಲ ಹಿಡದು ಬೇವಿನ ಗಿಡ ಇದ್ವು,” ಅಂದಳು ದೊಡ್ಡವ್ವ. “ರಸ್ತೆ ಅಗಲ ಮಾಡಾಕ ಕಡದ್ರು. ನೆಳ್ಳ ಇದ್ದಾಗ ಮಧ್ಯಾಹ್ನತನಕಾ ಹಾಸ ಎಳೀತಿದ್ವಿ. ಈಗ ನೋಡ್ರಿ, ಸೂರ್ಯನ ಜೋಡಿ ಓಟಾ. ಈ ಜಾಗಾನೂ ಹೋತಂದ್ರ ಮಗ್ಗಾ ನಿಂತಂಗ. ಮಗ್ಗಾ ನಿಂತ್ರ ನನ್ನ ಮಗ ಖಣಿಗೆ ಹೋಗಬೇಕು. ಅವರಪ್ಪ ಖಣಿಯಾಗ ದುಡದು, ಕೆಮ್ಮಿ ಕೆಮ್ಮಿ ಹ್ವಾದ. ಇವನ ಕೈಯಾಗ ಲಾಳಿ ಇರಬೇಕ್ರಿ. ಸುತ್ತಿಗಿ ಬ್ಯಾಡ.”

ಅಷ್ಟು ಹೇಳಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನೆರಳಿಲ್ಲವೆಂದು ಅಳುವವರು ನೆರಳಿನ ಸಸಿಗಳನ್ನೇ ಕಿತ್ತಿಟ್ಟಿದ್ದರು. ಗಿಡ ಹಚ್ಚಲು ಬಂದ ನಾನು ನೆರಳು ಬೇಕಾದ ಜಾಗವನ್ನೇ ಮುಚ್ಚಿಬಿಡುತ್ತಿದ್ದೆ.

“ದೊಡ್ಡವ್ವಾ, ಹಾಸ ಎಳ್ಯಾಕ ಎಷ್ಟ ಅಗಲ ಜಾಗಾ ಬೇಕು?” ಅಂದೆ.

ಅವಳ ರಾಟೆ ಅವತ್ತು ಮೊದಲ ಸಲ ನಿಂತಿತು.

ನಡುವೆ ಹಾಸು ಎಳೆಯಲು ಓಣಿ, ಎರಡೂ ಮಗ್ಗುಲಿಗೆ ಕಾಡು. ಹೇಳಲು ಒಂದು ಮಾತು, ಮಾಡಲು ಹೊರಟರೆ ತಲೆನೋವು. ಆ ಬಯಲು ಉದ್ದಕ್ಕೆ ಉತ್ತರ ದಕ್ಷಿಣವಾಗಿ ಇದ್ದದ್ದು ನಮ್ಮ ಪುಣ್ಯ. ಓಣಿಯನ್ನೂ ಹಾಗೇ ಬಿಟ್ಟರೆ ಪೂರ್ವದ ಗಿಡಗಳು ಮುಂಜಾನೆಯ ಬಿಸಿಲು ತಡೆಯುತ್ತವೆ, ಪಶ್ಚಿಮದವು ಹಳ್ಳದ ಗಾಳಿ ತಡೆಯುತ್ತವೆ. ಆದರೆ ಓಣಿ ಬಿಟ್ಟ ಮೇಲೆ ಉಳಿಯುತ್ತಿದ್ದದ್ದು ಎರಡು ಪಟ್ಟಿ ನೆಲ. ನಮ್ಮ ಇಲಾಖೆಯ ಅಂತರದ ಪ್ರಕಾರ ನೆಟ್ಟರೆ ಅರ್ಧ ಸಸಿಗಳು ನರ್ಸರಿಯಲ್ಲೇ ಕೂರಬೇಕು, ಕಾಡು ಹೋಗಿ ಎರಡು ಸಾಲು ಕಂಬ ಆಗುತ್ತದೆ.

ಆಗ ನನಗೆ ನೆನಪಾದದ್ದು ಮಹಾಕೂಟದ ಕಣಿವೆ. ಪ್ರತಿವರ್ಷ ಬೀಜ ಆಯಲು ನಾನು ಅಲ್ಲಿಗೇ ಹೋಗುತ್ತಿದ್ದೆ. ಅಲ್ಲಿ ಹೊಂಗೆಯ ಕಂಕುಳಲ್ಲಿ ಕಕ್ಕೆ, ಕಕ್ಕೆಯ ಕೆಳಗೆ ಕವಳಿ, ಅದರ ಸಂದಿಯಲ್ಲಿ ಅತ್ತಿ, ಒಂದರ ಮೇಲೊಂದು ಬಿದ್ದು ಬೆಳೆದಿದ್ದವು. ಅವನ್ನು ಯಾರೂ ಟೇಪು ಹಿಡಿದು ನೆಟ್ಟಿರಲಿಲ್ಲ. ಒತ್ತಾಗಿದ್ದವು, ಬೆಳಕಿಗಾಗಿ ಪೈಪೋಟಿಗೆ ಬಿದ್ದು ಮೇಲಕ್ಕೆ ಏರಿದ್ದವು, ಬುಡದ ನೆಲ ಬೇಸಿಗೆಯಲ್ಲೂ ತಂಪಾಗಿತ್ತು. ಇಲ್ಲೂ ಹಾಗೇ ಮಾಡಿದರೇನು ಎಂದುಕೊಂಡೆ. ಮೊಳಕ್ಕೊಂದು ಸಸಿ, ಎಲ್ಲ ಜಾತಿಯನ್ನೂ ಕಲಸಿ.

ಬಾಗಲಕೋಟೆಯಲ್ಲಿ ನಮ್ಮ ಸಾಹೇಬರಿದ್ದರು. ಮೈಸೂರು ಕಡೆಯವರು, ಸಭ್ಯರು. ನನ್ನ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನ್ರೀ ಇದು? ಒಂದು ಗಿಡದ ಉಸಿರು ಇನ್ನೊಂದಕ್ಕೆ ತಾಗೋ ಹಾಗೆ ನೆಡ್ತೀರಾ? ಸುಮ್ಮನೆ ನೀಲಗಿರಿ ಹಾಕಿ. ಎರಡು ವರ್ಷಕ್ಕೆ ತಲೆ ಮೇಲೆ ಹೋಗುತ್ತೆ. ಅಧ್ಯಕ್ಷರ ಬಾಯೂ ಮುಚ್ಚುತ್ತೆ.”

“ನೀಲಗಿರಿ ಕೆಳಗ ಮಧ್ಯಾಹ್ನ ಯಾರರ ಮಲಗಿದ್ದು ನೋಡೀರೇನ್ರಿ ಸಾಹೇಬ್ರ?” ಅಂದೆ. ಬಾಯಿ ಜಾರಿತ್ತು.

ಅವರು ನನ್ನನ್ನು ನೋಡಿದರು, ಕಿಟಕಿಯಾಚೆಯ ಬಿಸಿಲು ನೋಡಿದರು. “ಸೋತರೆ ಹೊಣೆ ನಿಮ್ಮದು,” ಎಂದರು. ಬೇಡ ಅಂದಿರಲಿಲ್ಲವಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಯಾವ ಗಿಡ ಎಲ್ಲಿ ಎಂಬುದಕ್ಕೆ ದೊಡ್ಡವ್ವನ ಜೊತೆ ನಡೆದ ಚೌಕಾಸಿಯನ್ನು ನಾನು ಸಾಯುವವರೆಗೆ ಮರೆಯಲಾರೆ. ನೇರಳೆ ಅಂದೆ. “ಹಣ್ಣ ಉದರಿ ಹಾಸಿಗೆ ಕಲಿ ಬಿದ್ರ ಯಾರ ಉಡತಾರ, ನೀವು ಉಡತೀರೇನು?” ಅಂದಳು. ನೇರಳೆ, ಅತ್ತಿ ಎರಡೂ ಹಳ್ಳದ ತುದಿಗೆ ಹೋದವು. ಬನ್ನಿ, ಬಾರಿ, ಕವಳಿ ಅಂದೆ. ಮುಳ್ಳಿಗೆ ನೂಲು ಸಿಗುತ್ತದೆಂದು ತಲೆಯಾಡಿಸಿದಳು. ಅದಕ್ಕೆ ಮುಳ್ಳಿನವನ್ನೆಲ್ಲ ಹೊರಗಿನ ಅಂಚಿಗೆ, ಆಡು ಹಂದಿ ತಡೆಯುವ ಬೇಲಿಯಾಗಿ ಸರಿಸಿದೆ. ಓಣಿಗೆ ಹತ್ತಿಕೊಂಡು ಹೊಂಗೆ, ಬೇವು, ಕಕ್ಕೆ, ಬಸರಿ. ಬಸರಿಯ ಹಣ್ಣಿಗೂ ಹಕ್ಕಿ ಬಂದು ಹಾಸಿನ ಮೇಲೆ ಹಿಕ್ಕೆ ಹಾಕುತ್ತವೆಂದು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು, ಅವಳೂ ಹೇಳಲಿಲ್ಲ.

ನರ್ಸರಿಯ ಮಾಲಿಯನ್ನು ನಾವು ಚಾಚಾ ಎನ್ನುತ್ತಿದ್ದೆವು. ಕೈಗುಣ ಒಳ್ಳೆಯದು, ಬಾಯಿಗುಣ ಮಾತ್ರ ದೇವರೇ ಗತಿ. ಬೇವಿನ ಬೀಜ ಹಣ್ಣು ತೊಳೆದ ಕೂಡಲೇ ಬಿತ್ತಬೇಕು, ಇಟ್ಟರೆ ಸಾಯುತ್ತದೆ. ಕಕ್ಕೆಯ ಬೀಜ ಕಲ್ಲಿನಂಥದು, ಕುದಿನೀರು ಸುರಿದು ರಾತ್ರಿಯಿಡೀ ನೆನೆಸಿದರೇ ಕಣ್ಣು ಬಿಡುವುದು. ಬಸರಿಗೆ ಬೀಜದ ಗೊಡವೆ ಬೇಡ, ಟೊಂಗೆ ಕಡಿದು ಊರಿದರಾಯಿತು. ಇದನ್ನೆಲ್ಲ ಚಾಚಾ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಮಾಡುತ್ತಲೇ, “ಇದು ಏಳೂದಿಲ್ರಿ ಸಾಬ,” ಎನ್ನುತ್ತಿದ್ದ. ಎದ್ದ ಮೇಲೆ, “ಉಳಿಯೂದಿಲ್ರಿ.” ಒತ್ತಾಗಿ ನೆಡುತ್ತೇವೆಂದು ಕೇಳಿದಾಗಂತೂ ಹಣೆ ಬಡಿದುಕೊಂಡ. “ಬಸ್‌ನ್ಯಾಗ ಮಂದಿ ತುಂಬಿದಂಗ ತುಂಬಿದ್ರ ಉಸರ ಕಟ್ಟಿ ಸಾಯ್ತಾವ್ರಿ!”

ಆ ನೆಲದಲ್ಲಿ ಒಂದೊಂದೇ ಕುಳಿ ತೋಡುವುದು ದಂಡ ಎನಿಸಿತು. ಪಟ್ಟಿಗಳನ್ನೇ ಉದ್ದಕ್ಕೆ ಕಾಲುವೆಯಂತೆ ಅಗೆಸಿ, ಕಲ್ಲಿನ ಚೂರು ಹೊರಗೆ ಹಾಕಿಸಿ, ಬತ್ತಿದ ಕೆರೆಯ ಗೋಡು, ತಿಪ್ಪೆಗೊಬ್ಬರ, ಒಣ ಎಲೆಗಳನ್ನು ಪದರ ಪದರವಾಗಿ ತುಂಬಿಸಿದೆವು. ಮೊದಲ ದೊಡ್ಡ ಮಳೆ ಬಿದ್ದು ನೆಲ ಕೂತ ಮೇಲೆ ನೆಟ್ಟೆವು. ಈ ಸಲ ಸಸಿ ಹಿಡಿದವರು ಓಣಿಯವರೇ. ಒಬ್ಬೊಬ್ಬರ ಹಿತ್ತಿಲ ಎದುರಿನ ತುಂಡು ಆಯಾ ಮನೆಯದು ಎಂದು ಹಂಚಿ, ಬಚ್ಚಲ ನೀರು ಹರಿಯಲು ಸಣ್ಣ ಕಾಲುವೆ ಮಾಡಿದೆವು. ಹೊರಡುವಾಗ ನಾನು ದೊಡ್ಡ ಮನುಷ್ಯನಂತೆ ಹೇಳಿದೆ: “ಇನ್ನ ಇವು ನಿಮ್ಮ ಕೂಸು. ಕೂಸಿನಂಗ ನೋಡ್ಕೋರಿ.”

ಆ ಮಾತೇ ಮುಳುವಾಯಿತು.

ಮಳೆಗಾಲ ಮುಗಿದ ಮೇಲೆ ನನ್ನನ್ನು ಕೆಲವು ವಾರ ಬಾದಾಮಿ ಕಡೆಯ ಕೆಲಸಕ್ಕೆ ಹಾಕಿದರು. ತಿರುಗಿ ಬಂದು ಬಯಲಿಗೆ ಕಾಲಿಟ್ಟರೆ ಹುಳಿ ವಾಸನೆ ಮೂಗಿಗೆ ಬಡಿಯಿತು. ಸಸಿಗಳ ಬುಡದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಪದರ. ಅದರ ಮೇಲೆ ಇರುವೆಯ ಸಾಲು. ಕಾಂಡಕ್ಕೆ ಗೆದ್ದಲಿನ ಮಣ್ಣು ಏರಿತ್ತು. ಎಳೆ ಬೇಲಿ ನುಗ್ಗಿ ಬಂದ ಹಂದಿಗಳು ಒಂದು ಮಗ್ಗುಲನ್ನು ಉತ್ತುಬಿಟ್ಟಿದ್ದವು. ಉಳಿದ ಸಸಿಗಳ ಎಲೆಯೆಲ್ಲ ಹಳದಿ.

“ಹೋತ್ರಿ ಸಾಬ, ಎಲ್ಲಾ ಹೋತು. ನಾ ಮೊದಲ ಹೇಳಿದ್ನಿ,” ಅಂದ ಚಾಚಾ. ಅವತ್ತು ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

“ಏನ್ ಹಾಕೀರಿ ದೊಡ್ಡವ್ವಾ ಇದಕ್ಕ?”

“ಗಂಜಿ ಹಾಕೇವ್ರಿ!” ಅವಳ ಮುಖದಲ್ಲಿ ಹೆಮ್ಮೆ. “ಕೂಸಿನಂಗ ನೋಡ್ಕೋರಿ ಅಂತ ನೀವ ಹೇಳಿದ್ರಲ್ಲ? ಹಾಸಿಗೆ ಹಚ್ಚಿ ಉಳದದ್ದನ್ನ ದಿನಾ ಮುಂಜಾನಿ ಒಂದೊಂದಕ್ಕೂ ಹಾಕೇವಿ. ಎಣ್ಣಿನೂ ಬೆರಸಿರತೇವಿ, ಭಾಳ ಪುಷ್ಟಿ. ಮೊದಲ ಎಂಥಾ ಗಂಜಿ ಇದ್ರೂ ಹಳ್ಳಕ್ಕ ಚೆಲ್ತಿದ್ವಿ. ಈಗ ಒಂದ ಹನಿ ಚೆಲ್ಲಿಲ್ರಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರೀತಿ ಮಾಡಿ ಕೊಲ್ಲುವುದೆಂದರೆ ಇದೇ. ಸಾಲದ್ದಕ್ಕೆ ಅದೇ ವಾರ ಅಧ್ಯಕ್ಷರು ಆ ಕಡೆ ಹಾದು ಹೋದವರು ಮೂಗಿಗೆ ಕರವಸ್ತ್ರ ಹಿಡಿದು, “ಇದಕ್ಕಿಂತ ಮಳಿಗಿ ಚಲೋ ಅಲ್ರಿ?” ಎಂದು ಹೇಳಿ ಹೋಗಿದ್ದರಂತೆ. ಗಂಜಿಯಿಂದಲೇ ಸಸಿ ಕೆಟ್ಟವೆಂದು ತಿಳಿಸಿದಾಗ ದೊಡ್ಡವ್ವ ಕೂತಲ್ಲೇ ಕುಸಿದಳು. “ಅಯ್ಯ ಶಿವನ! ನನ್ನ ಕೈಯಾರೆ ನನ್ನ ಮಗನ್ನ ಖಣಿಗೆ ಕಳಿಸಿದ್ನೇನು?” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

“ಸತ್ತಿಲ್ಲ, ಜಡ್ಡ ಬಿದ್ದಾವ,” ಅಂದೆ. “ಏಳ್ರಿ, ಕೆಲಸ ಐತಿ.”

ಓಣಿಯ ಮಗ್ಗಗಳೆಲ್ಲ ಅವತ್ತು ನಿಂತವು. ಕಳೆ ತೆಗೆಯುವ ಕುರ್ಚಿಗಿ ಹಿಡಿದು ಹುಳಿ ಹೆಪ್ಪನ್ನು ಕೆರೆದು ತೆಗೆದೆವು. ಬುಡದ ಮಣ್ಣು ಸಡಿಲಿಸಿ, ಮೇಲಿಂದ ಮೇಲೆ ನೀರು ಬಿಟ್ಟು ತೊಳೆದೆವು. ಗೆದ್ದಲಿನ ಮಣ್ಣನ್ನು ಹಳೆಯ ಕುಂಚಗಳಿಂದ ಉಜ್ಜಿ, ಬೇವಿನ ಹಿಂಡಿ ಪುಡಿ ಮಾಡಿ ಬೇರಿನ ಸುತ್ತ ಬೆರೆಸಿದೆವು. ಹಂದಿ ನುಗ್ಗಿದ ಸಂದಿಗೆಲ್ಲ ಬಾರಿಯ ಮುಳ್ಳು ಬಡಿದೆವು. ಸತ್ತ ಜಾಗಕ್ಕೆ ಚಾಚಾ, “ಇವೂ ಉಳಿಯೂದಿಲ್ರಿ,” ಎನ್ನುತ್ತ ಹೊಸ ಸಸಿ ಇಟ್ಟ. ಗಂಜಿಗೆ ಹಳ್ಳದ ತುದಿಯಲ್ಲಿ ಒಂದು ಗುಂಡಿ ತೋಡಿಸಿ, ಒಣ ಎಲೆ, ಸಗಣಿ, ಗಂಜಿ ಎಂದು ಪದರ ಹಾಕುವುದು ಕಲಿಸಿದೆ. ಕೊಳೆತು ಮಣ್ಣಾದ ಮೇಲೆ ಅದೇ ಗಂಜಿ ಗೊಬ್ಬರವಾಯಿತು.

ಆಮೇಲಿನ ದಿನಗಳಲ್ಲಿ ಮಾಡುವುದಕ್ಕಿಂತ ಕಾಯುವುದೇ ಹೆಚ್ಚಾಗಿತ್ತು. ಆ ಬೇಸಿಗೆ ಸಸಿಗಳು ನಿಂತಲ್ಲೇ ನಿಂತವು. ಎಲೆಯೂ ಇಲ್ಲ, ಸಾವೂ ಇಲ್ಲ. ಸಿಕ್ಕಿದ ಸಸಿಯ ತೊಗಟೆಯನ್ನು ಉಗುರಿನಿಂದ ಗೀರಿ ಒಳಗೆ ಹಸಿರಿದೆಯೇ ಎಂದು ನೋಡುವುದೇ ನನ್ನ ಕಸುಬಾಯಿತು. ಎರಡನೆಯ ಮಳೆ ಬಿತ್ತು ನೋಡಿ, ಏನಾಯಿತೋ! ಬಸರಿ ಚಿಗುರಿತು, ಅದರ ಹಿಂದೆ ಹೊಂಗೆ, ಹೊಂಗೆಯ ಹಿಂದೆ ಕಕ್ಕೆ. ಒತ್ತಾಗಿದ್ದದ್ದಕ್ಕೇ ಒಂದನ್ನು ನೋಡಿ ಒಂದು ಏರಿದವು. ಆ ವರ್ಷದ ಕೊನೆಗೆ ಅವು ನನ್ನ ಎತ್ತರ ದಾಟಿದವು. ಮೂರನೆಯ ಮಳೆಗೆ ಟೊಂಗೆಗೆ ಟೊಂಗೆ ಕೂಡಿ ನೆಲ ಕಾಣದಾಯಿತು. ಹಳ್ಳದ ಕಡೆ ಗಾಳಿ ಬೀಸಿದರೆ ಓಣಿಯೊಳಗೆ ನೂಲು ಅಲುಗುತ್ತಿರಲಿಲ್ಲ. ಚಾಚಾ ಮೇಲೆ ನೋಡಿ, “ಬೆಳದಾವ ಖರೆ. ಆದ್ರ ಭಾಳ ಲಗೂ ಬೆಳದಾವ, ಇದೂ ಚಲೋ ಅಲ್ರಿ,” ಅಂದ. ನಾನು ಅವನನ್ನು ತಬ್ಬಿಕೊಂಡುಬಿಟ್ಟೆ.

ಗಡುವು ಬಂತು. ಮೂರು ಮಳೆ ಕಳೆದು ಬೇಸಿಗೆ ಕಾಲಿಟ್ಟಾಗ, ಅಧ್ಯಕ್ಷರು ಟೇಪು ಹಿಡಿದ ಓವರ್‌ಸಿಯರನನ್ನು ಕರೆದುಕೊಂಡು ಬರುತ್ತಾರೆಂದೂ, ಬಾಗಲಕೋಟೆಯಿಂದ ನಮ್ಮ ಸಾಹೇಬರೂ ಜೀಪಿನಲ್ಲಿ ಬರುತ್ತಾರೆಂದೂ ಸುದ್ದಿ ಮುಟ್ಟಿತು. ಅಧ್ಯಕ್ಷರ ವಾದ ತಯಾರಿತ್ತು. ಇದು ಕಾಡಲ್ಲ, ಪೊದೆ. ನಡುವೆ ಬಿಟ್ಟ ಓಣಿ ಖಾಲಿಯೇ ಇದೆ, ಅಷ್ಟರಲ್ಲೇ ಮಳಿಗೆ ಕೂರುತ್ತವೆ.

“ಅವರು ಬರೂದು ಯಾವಾಗಂತ?” ಕೇಳಿದಳು ದೊಡ್ಡವ್ವ.

“ಮಧ್ಯಾಹ್ನಕ್ಕ.”

“ಬರ್ಲಿ. ನಾವೂ ಮಧ್ಯಾಹ್ನಕ್ಕ ಹಾಸ ಕಟ್ಟತೇವಿ.”

ಬೇವಿನ ಸಾಲು ಹೋದ ಮೇಲೆ ಆ ಓಣಿಯಲ್ಲಿ ಯಾರೂ ಮಟಮಟ ಮಧ್ಯಾಹ್ನ ಹಾಸು ಕಟ್ಟಿರಲಿಲ್ಲ. “ಎಳಿ ಹರದು ಹಾಸ ಕೆಟ್ರ?”

“ಕೆಟ್ರ ನಿಮ್ಮ ಕಾಡೂ ಕೆಟ್ಟಂಗ, ನನ್ನ ಮಗನ ಮಗ್ಗಾನೂ ಕೆಟ್ಟಂಗ. ಕೆಡೂದಿದ್ರ ಎಲ್ಲಾರ ಮುಂದ ಕೆಡ್ಲಿ ಬಿಡ್ರಿ.”

ಸೂರ್ಯ ನೆತ್ತಿಗೆ ಬಂದಾಗ ಅವಳ ಮಗ ಕುಂಚ ಎತ್ತಿದ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಒಳಗೆ ಹಾಸು ತುದಿಯಿಂದ ತುದಿಗೆ ನೀಟಾಗಿ ನಿಂತಿತ್ತು, ಮೇಲೆ ಎರಡೂ ಕಡೆಯ ಹೊಂಗೆ ಬಾಗಿ ಕೂಡಿತ್ತು. ನಾನು ಆ ಪಟ್ ಎಂಬ ಸದ್ದಿಗೆ ಕಿವಿಗೊಟ್ಟು ನಿಂತೆ. ಕುಂಚ ನಡೆಯುವ ಸರಸರ ಬಿಟ್ಟರೆ ಏನೂ ಕೇಳಲಿಲ್ಲ. ಕುಂಚ ಹಿಡಿದವರು ಒಂದು ಸಲ ಹೋಗಿ ಬಂದರು, ಇನ್ನೊಂದು ಸಲ ಹೋಗಿ ಬಂದರು. ಗಂಜಿ ನಿಧಾನವಾಗಿ, ಹದವಾಗಿ ಆರುತ್ತಿತ್ತು. ಒಂದು ಎಳೆಯೂ ಹರಿಯಲಿಲ್ಲ.

ಅಷ್ಟರಲ್ಲಿ ಬಂದವರು ಬಂದರು. ಓವರ್‌ಸಿಯರ್ ಟೇಪಿನ ತುದಿ ಹಿಡಿದು ಓಣಿಗೆ ಅಡ್ಡ ಹೆಜ್ಜೆ ಇಟ್ಟ.

“ನಿಂದರ್ರಿ!” ದೊಡ್ಡವ್ವ ಕೈ ಅಡ್ಡ ಹಿಡಿದಳು. “ಕಟ್ಟಿದ ಹಾಸ ದಾಟಬಾರ್ದು. ಆರಿ ಸುತ್ತೂತನಕಾ ಕುಂದರ್ರಿ.”

ಅಧ್ಯಕ್ಷರು ಇಳಕಲ್ಲಿನವರೇ. ಹಾಸು ದಾಟಿಸಿದರೆ ಓಣಿ ಏನನ್ನುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರೂ ಗಿಡದ ಬುಡದ ಕಲ್ಲುಗಳ ಮೇಲೆ ಕೂತರು. ಅಧ್ಯಕ್ಷರು ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಗಾಳಿ ಹಾಕಿಕೊಳ್ಳುವುದನ್ನು ಬಿಟ್ಟರು, ಬೇಕಾಗಲಿಲ್ಲ. ಮೇಲೆ ಬಸರಿಯಲ್ಲಿ ಹಕ್ಕಿಗಳು ಗಲಾಟೆ ಮಾಡುತ್ತಿದ್ದವು. ಬಾಗಲಕೋಟೆಯಿಂದ ಬಿಸಿಲಲ್ಲಿ ಬೆಂದು ಬಂದ ನಮ್ಮ ಸಾಹೇಬರು ಹೊಂಗೆಗೆ ಬೆನ್ನು ಕೊಟ್ಟು ಕೂತವರು, ನೋಡ ನೋಡುತ್ತ ಕಣ್ಣು ಮುಚ್ಚಿ, ಗೊರಕೆಯನ್ನೇ ಹೊಡೆದರು!

ಹಾಸು ಸುತ್ತಿದ ಮೇಲೆ ನಾನೇ ಮೆಲ್ಲಗೆ ಎಬ್ಬಿಸಿದೆ. ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ನಾಲಗೆಯ ತುದಿಗೆ ಬಂದಿದ್ದ ಮಾತನ್ನು ಈ ಸಲ ನುಂಗಿಕೊಂಡೆ. ಅವರೇ ನಕ್ಕರು.

“ಇಲ್ಲ ಕಣ್ರೀ, ನೀಲಗಿರಿ ಕೆಳಗೆ ಯಾರೂ ಹೀಗೆ ಮಲಗಿದ್ದು ನಾನು ನೋಡಿಲ್ಲ,” ಎಂದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, “ಇದು ಕಾಡೇ ಸ್ವಾಮಿ. ನಾನು ಬರೆದು ಕೊಡ್ತೀನಿ,” ಎಂದರು.

ಅಧ್ಯಕ್ಷರು ಓಣಿಯ ಉದ್ದಕ್ಕೂ ನಿಂತಿದ್ದ ಗಂಡಸರನ್ನು, ಹೆಂಗಸರನ್ನು ನೋಡಿದರು. ದೊಡ್ಡವ್ವನ ಮಗನ ಹೆಗಲ ಮೇಲಿದ್ದ ಹಾಸಿನ ಸುರುಳಿಯನ್ನು ಮುಟ್ಟಿ ನೋಡಿದರು. ಓವರ್‌ಸಿಯರನಿಗೆ, “ಟೇಪ ಸುತ್ತಲೇ ತಮ್ಮಾ,” ಅಂದರು.

ಓಣಿಗೆ ಓಣಿಯೇ ಹೋ ಎಂದಿತು. ಚಾಚಾ ಕೂಡ ಕೂಗಿದ, ನಾನು ಕಣ್ಣಾರೆ ಕಂಡೆ. ಮಗ ಸುರುಳಿ ಹೊತ್ತು ಮಗ್ಗದ ಕಡೆ ಹೊರಟ. ಅವನ ಬೆನ್ನನ್ನೇ ನೋಡುತ್ತ ನಿಂತಿದ್ದ ದೊಡ್ಡವ್ವ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಸುಳ್ಳೇಕೆ ಹೇಳಲಿ, ನನ್ನ ದನಿ ಹೊರಡದೆ ಹೋದದ್ದು ಜನ್ಮದಲ್ಲಿ ಅದೊಂದೇ ದಿನ.

ತಿರುಗಿ ಬಂದಾಗ ಅವಳ ಕೈಯಲ್ಲಿ ಒಂದು ದೊಡ್ಡ ಕಂಚಿನ ಬಟ್ಟಲು. ಜೋಳದ ಹಿಟ್ಟಿನ ತಣ್ಣನೆಯ ಗಂಜಿ, ಮಜ್ಜಿಗೆ, ಮೇಲೆ ಉಳ್ಳಾಗಡ್ಡಿ.

“ಕುಡೀರಿ ಗಿಡದ ಸಾಹೇಬ್ರ,” ಅಂದಳು. “ಗಿಡಕ್ಕ ಗಂಜಿ ಬ್ಯಾಡ ಅಂದ್ರಿ, ಬಿಟ್ವಿ. ನಮ್ಮ ಕೂಸಿಗೆ ಹಾಕಬ್ಯಾಡ ಅಂತೇನ ಹೇಳಿಲ್ಲಲ್ಲ?”

ನಾನು ಹೊಂಗೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ಬಟ್ಟಲು ಬರಿದಾಗುವವರೆಗೆ ಕುಡಿದೆ.